ಶುಭಂ ಬರುವ ತನಕ

ನಮ್ಮ ಊರಿನಲ್ಲಿ ಒಂದು ಟಾಕೀಸು. ಒಂದು ನಿಯಮ. ಶುಭಂ ಬರುವ ತನಕ ಏಳಬಾರದು.

ಅದನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ಗೋಡೆಯ ಮೇಲೆ ಬೀಡಿ ಸೇದಬಾರದು ಎಂದು ಬರೆದಿತ್ತು, ಎಲ್ಲರೂ ಸೇದುತ್ತಿದ್ದರು. ಇದನ್ನು ಬರೆದಿರಲಿಲ್ಲ, ಯಾರೂ ಮೀರುತ್ತಿರಲಿಲ್ಲ.

ಚಿತ್ರದ ನಡುವೆ ಎದ್ದವನು ಎದ್ದ ಜಾಗದಲ್ಲೇ ಉಳಿಯುತ್ತಾನೆ. ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಆದರೂ ಪರದೆಯ ಮೇಲೆ ಆಗ ಏನು ನಡೆದಿತ್ತೋ ಅದರೊಳಗೇ ಇರುತ್ತಾನೆ. ಎಲೆ ಅಡಿಕೆ ಅಂಗಡಿಯವನು ಹೊಡೆದಾಟದ ನಡುವೆ ಎದ್ದ. ಹೊಟ್ಟೆ ಕೆಟ್ಟಿತ್ತು. ಅಂದಿನಿಂದ ಅವನ ಬಲಗೈ ಮುಷ್ಟಿ ಬಿಚ್ಚಿಲ್ಲ. ಎಡಗೈಯಲ್ಲೇ ಸುಣ್ಣ ಹಚ್ಚಿ ಎಲೆ ಮಡಿಸುತ್ತಾನೆ. ಬಟ್ಟೆ ಅಂಗಡಿಯವನು ನೆರೆ ಬರುವಾಗ ಎದ್ದ. ಸುಡುವ ಬೇಸಿಗೆಯಲ್ಲೂ ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡೇ ನಡೆಯುತ್ತಾನೆ. ಮೇಷ್ಟ್ರು ಎದ್ದದ್ದು ಹಾಸ್ಯದ ನಡುವೆ. ಹೆಂಡತಿ ಹೋದ ದಿನವೂ ನಕ್ಕರು. ಹೆಣ ಹೊತ್ತವರು ಹಲ್ಲು ಕಚ್ಚಿಕೊಂಡು ನಡೆದರು.

ಬಿಡುಗಡೆ ಇಲ್ಲವೆಂದಲ್ಲ. ಅದೇ ಚಿತ್ರ ಮತ್ತೆ ಬರಬೇಕು. ಮೊದಲಿನಿಂದ ಕೂರಬೇಕು. ಶುಭಂ ನೋಡಬೇಕು. ಬೇರೆಯವರು ಕಥೆ ಹೇಳಿದರೆ ಆಗುವುದಿಲ್ಲ, ಕಣ್ಣಾರೆ ನೋಡಬೇಕು. ಆದರೆ ಬಂದು ಹೋದ ಚಿತ್ರ ನಮ್ಮ ಊರಿಗೆ ಮತ್ತೆ ಬರುವುದು ಅಪರೂಪ. ಎಷ್ಟೋ ಜನ ಕಾದು ಕಾದು ಸತ್ತರು, ಮುಷ್ಟಿ ಬಿಚ್ಚದೆ, ಪಂಚೆ ಇಳಿಸದೆ.

ಹಾಗಿದ್ದರೂ ಯಾಕೆ ಹೋಗುತ್ತೀರಿ ಎಂದು ಪರ ಊರಿನವರು ಕೇಳುತ್ತಾರೆ. ಸಿನಿಮಾ ಅಲ್ಲವೆ. ಹೋಗದೆ ಇರುವುದು ಹೇಗೆ.

ಆಟ ಶುರುವಾಗುವ ಮೊದಲು ಗೇಟಿನವನು ನಡುವೆ ಬಂದು ನಿಲ್ಲುತ್ತಿದ್ದ. ಕೇಳುತ್ತಿದ್ದ. ಒಲೆ ಆರಿಸಿದಿರಾ. ಕರು ಕಟ್ಟಿದಿರಾ. ಮಲಗಿಸುವವರನ್ನು ಮಲಗಿಸಿದಿರಾ. ಹೊಟ್ಟೆ ಸರಿಯಾಗಿದೆಯಾ. ನೆಲದವರು, ಬೆಂಚಿನವರು, ಕುರ್ಚಿಯವರು ಒಟ್ಟಿಗೆ ಹೂಂ ಎನ್ನುತ್ತಿದ್ದರು. ಆಮೇಲೆ ಅಗುಳಿ ಬೀಳುತ್ತಿತ್ತು. ಆಮೇಲೆ ದೀಪ ಆರುತ್ತಿತ್ತು.

ಒಂದು ಚಿತ್ರ ಮೊದಲ ಸಲ ಬಂದಾಗ ನಮ್ಮ ಬೀದಿಯ ಒಬ್ಬ ತಾಯಿಗೆ ಇನ್ನೂ ಸಣ್ಣ ವಯಸ್ಸು, ತುಂಬಿದ ಬಸುರಿ. ಗೇಟಿನವನು ಹೆಂಗಸರ ಕಡೆ ಬಂದು ಅವಳನ್ನು ಬೇರೆಯಾಗಿ ಕೇಳಿದ, ದಿನ ತುಂಬಿಲ್ಲ ತಾನೆ ಎಂದು. ಇನ್ನೂ ಇದೆ ಎಂದಳು. ಇನ್ನೂ ಇತ್ತು ಎಂದೇ ಅವಳು ತಿಳಿದಿದ್ದಳು.

ಊರಿಗೆಲ್ಲ ಅಚ್ಚುಮೆಚ್ಚಿನ ಚಿತ್ರ ಅದು. ಮನೆಯಿಂದ ಹೊರಗೆ ಹಾಕಿಸಿಕೊಂಡ ಒಬ್ಬ ಹೆಂಗಸು ಊರೂರು ಅಲೆಯುತ್ತಾಳೆ. ಕೊನೆಗೆ ಮಗುವಿಗಾಗಿ ಅದೇ ಮನೆಗೆ ಬರುತ್ತಾಳೆ. ಬಾಗಿಲು ಹಾಕಿದೆ. ಮಗು ಒಳಗಿದೆ. ಅವಳು ಬಡಿಯುತ್ತಾಳೆ. ಹಾಡಿಲ್ಲ, ವಾದ್ಯವಿಲ್ಲ. ಬಡಿಯುವ ಸದ್ದು ಒಂದೇ. ಆ ರೀಲು ಅಲ್ಲಿಗೆ ಮುಗಿಯುತ್ತದೆ. ಕೊನೆಯ ರೀಲು ಅದೇ ಸದ್ದಿನಿಂದ ಶುರುವಾಗುತ್ತದೆ.

ಬಾಗಿಲು ಬಡಿಯುವಾಗ ತಾಯಿಗೆ ನೋವು ಬಂತು. ಒಂದು ರೀಲು ತಡೆಯಮ್ಮ ಎಂದು ಪಕ್ಕದವರು ಅವಳ ಸೆರಗು ಹಿಡಿದು ಕೂರಿಸಿದರು. ಆಗಲಿಲ್ಲ. ಎದ್ದಳು. ಗಂಡ ಏಳಲಿಲ್ಲ. ಗಂಡಸರ ಕಡೆಯಿಂದ ಒಮ್ಮೆ ಕತ್ತು ಹೊರಳಿಸಿ ನೋಡಿದ, ಮತ್ತೆ ಪರದೆಯ ಕಡೆ ತಿರುಗಿದ. ಅದಕ್ಕಾಗಿ ಅವನನ್ನು ಯಾರೂ ಆಡಿಕೊಳ್ಳಲಿಲ್ಲ. ಪೋಸ್ಟರ್ ಗೋಡೆಯ ಹಿಂದೆ, ಸೋಡಾ ಮಾರುವವಳ ಕೈಯಲ್ಲಿ, ಮಗಳು ಹುಟ್ಟಿದಳು. ಒಳಗೆ ಶುಭಂ ಬಿತ್ತು, ಜನ ಚಪ್ಪಾಳೆ ತಟ್ಟಿದರು. ಹೊರಗೆ ಹೊಕ್ಕುಳಬಳ್ಳಿ ಕೊಯ್ದರು.

ತಾಯಿ ಮಗುವನ್ನು ಎತ್ತಿಕೊಂಡು ಮನೆಗೆ ಬಂದಳು. ಬಾಗಿಲು ತೆರೆದಿತ್ತು. ತೆರೆದ ಬಾಗಿಲ ಮುಂದೆ ನಿಂತು ಬಡಿದಳು.

ಅಕ್ಕಪಕ್ಕದವರು ಒಳಗೆ ಬಾ ಎಂದರು. ಬಡಿದಳು. ಒಳಗೆ ಎಳೆದರು. ಎಳೆದವರ ಕೈ ಬಿಡಿಸಿಕೊಂಡು ಹೊರಗೆ ಬಂದು ಬಡಿದಳು. ಆಮೇಲೆ ಅವಳ ಬದುಕೆಲ್ಲ ಜಗಲಿಯ ಮೇಲೆ. ಮಗುವಿಗೆ ಹಾಲು ಕೊಟ್ಟದ್ದು ಅಲ್ಲಿ, ಉಂಡದ್ದು ಅಲ್ಲಿ, ಮಲಗಿದ್ದು ಅಲ್ಲಿ. ಎಚ್ಚರ ಇರುವಷ್ಟು ಹೊತ್ತೂ ಬಡಿದಳು. ತನ್ನ ಅಡಿಗೆಮನೆಯನ್ನು ಅವಳು ಎಷ್ಟೋ ವರ್ಷ ನೋಡಲಿಲ್ಲ. ಬಾಗಿಲ ಹಲಗೆಯಲ್ಲಿ ಅವಳ ಗೆಣ್ಣುಗಳಷ್ಟು ಅಗಲಕ್ಕೆ ಗುಳಿ ಬಿತ್ತು.

ಗಂಡ ಕೊನೆ ನೋಡಿದವನು, ಅವನಿಗೇನೂ ಕಡಿಮೆಯಾಗಲಿಲ್ಲ. ಹೊತ್ತು ಹೊತ್ತಿಗೆ ಉಂಡ, ನೆಮ್ಮದಿಯಾಗಿ ಮಲಗಿದ. ದಿನವೂ ಹೊಸಿಲಿನಲ್ಲಿ ಕೂತು ಹೆಂಡತಿಗೆ ಕೊನೆಯನ್ನು ಹೇಳುತ್ತಿದ್ದ. ಒಳಗೆ ಮಗು ಮಣೆಯ ಮೇಲೆ ಮಣೆ ಇಡುತ್ತದೆ. ಹತ್ತುತ್ತದೆ. ಚಿಲಕ ತೆಗೆಯುತ್ತದೆ. ಬಾಗಿಲು ತೆರೆಯುತ್ತದೆ. ತಾಯಿ ಮಗು ಅಪ್ಪಿಕೊಳ್ಳುತ್ತಾರೆ. ಶುಭಂ. ಅವಳು ಬಡಿಯುತ್ತಲೇ ಕೇಳುತ್ತಿದ್ದಳು. ಕೇಳಿದ್ದರಿಂದ ಏನೂ ಆಗಲಿಲ್ಲ. ಒಂದು ದಿನ ಅವನು ಹೇಳುತ್ತ ಹೇಳುತ್ತ ಹೊಸಿಲಿನಲ್ಲೇ ಸತ್ತ, ಮಗು ಇನ್ನೂ ಮಣೆ ಇಡುತ್ತಿರುವಾಗ.

ಮಗಳು ಅದನ್ನೆಲ್ಲ ಕೇಳಿಕೊಂಡು ಬೆಳೆದಳು. ಚಿಕ್ಕವಳಿದ್ದಾಗ ಬಾಗಿಲು ಹಾಕಿಕೊಂಡು, ಮಣೆಯ ಮೇಲೆ ಮಣೆ ಇಟ್ಟು, ಹತ್ತಿ, ಚಿಲಕ ತೆಗೆದು, ಕೈ ಚಾಚಿ ನಿಲ್ಲುತ್ತಿದ್ದಳು. ತಾಯಿ ಅವಳ ತಲೆಯ ಮೇಲಿಂದ ಬಡಿಯುತ್ತಿದ್ದಳು. ಮಗಳು ಮತ್ತೆ ಬಾಗಿಲು ಹಾಕಿ ಮತ್ತೆ ಮಣೆ ಜೋಡಿಸುತ್ತಿದ್ದಳು. ಆಟ ಆಡುತ್ತಿದೆ ಎಂದು ಬೀದಿಯವರು ತಿಳಿದರು. ಒಂದು ಸಲ ಮಣೆ ಜಾರಿ ಮುಂದಿನ ಹಲ್ಲು ಮುರಿಯಿತು. ಆಮೇಲೆ ಬಿಟ್ಟಳು.

ಊಟಕ್ಕೆ ಕೊಟ್ಟಾಗಲೆಲ್ಲ ತಾಯಿ ಒಂದೇ ಮಾತು ಹೇಳುತ್ತಿದ್ದಳು.

“ಒಂದು ರೀಲು ನೀನು ಹೊಟ್ಟೇಲೇ ಇದ್ದಿದ್ರೆ ಆಗ್ತಿತ್ತು ಕಣೆ.”

ಮಗಳೂ ಒಂದೇ ಮಾತು ಕಲಿತಳು. ಒಲೆಯ ಮುಂದಿನಿಂದ, ನೀರಿನ ಮನೆಯಿಂದ, ಹಾಸಿಗೆಯಿಂದ ಅದನ್ನೇ ಹೇಳುತ್ತಿದ್ದಳು.

“ಬಾಗಿಲು ತೆರೆದೇ ಇದೆ ಅವ್ವ. ಬರೋದಿದ್ರೆ ಬಾ. ಬಡೀಬೇಡ.”

ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದರು. ಜಗಲಿಯ ತನಕ ಬರುತ್ತಿದ್ದರು. ಬಡಿಯುವವಳನ್ನು ನೋಡಿ ಚಪ್ಪಲಿ ಬಿಡದೆ ಹಿಂತಿರುಗುತ್ತಿದ್ದರು. ಹೀಗೆ ಮಗಳಿಗೆ ಮದುವೆಯ ವಯಸ್ಸು ದಾಟಿತು. ತಾಯಿಯ ಕೈ ಒಣಗಿ ಸೌದೆಯಂತಾಯಿತು.

ಆಗ ಚಿತ್ರ ಮತ್ತೆ ಬಂತು.

ಗಾಡಿಗೆ ಪೋಸ್ಟರ್ ಕಟ್ಟಿಕೊಂಡು ತಮಟೆಯವನು ಬೀದಿಯಲ್ಲಿ ಬಂದ. ಪೋಸ್ಟರಿನಲ್ಲಿ ಒಂದು ಬಾಗಿಲು, ಒಂದು ಕೈ. ತಾಯಿ ಬಡಿಯುವುದನ್ನು ನಿಲ್ಲಿಸಿದಳು. ಬೀದಿಯೆಲ್ಲ ಹೊರಗೆ ಬಂದು ನೋಡಿತು. ಅವಳು ಎಚ್ಚರ ಇರುವಾಗ ಆ ಸದ್ದು ನಿಂತದ್ದನ್ನು ಮಗಳು ಹುಟ್ಟಿದ ಮೇಲೆ ಯಾರೂ ಕೇಳಿರಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಯಿತು. ಮತ್ತೆ ಬಡಿತ ಶುರುವಾಯಿತು.

ಮಗಳು ತಾಯಿಯನ್ನು ಎತ್ತಿಕೊಂಡೇ ಟಾಕೀಸಿಗೆ ತಂದಳು. ಬೇರೆ ದಾರಿ ಇರಲಿಲ್ಲ. ಯಾವ ಬಾಗಿಲು ಕಂಡರೂ ತಾಯಿ ಅಲ್ಲೇ ನಿಂತು ಬಡಿಯುವವಳು. ಎತ್ತಿ ಮನೆಯೊಳಗೆ ತಂದದ್ದೂ ಉಂಟು, ಇಳಿಸಿದ ಕೂಡಲೆ ಹೊರಗೆ ಹೋಗುತ್ತಿದ್ದಳು. ಇಲ್ಲಿ ಹೋಗಲಿಲ್ಲ. ಪರದೆ ಕಂಡಿತ್ತು. ಮೊದಲು ಕೂತ ಜಾಗದಲ್ಲೇ ಕೂತಳು. ಕೈಯನ್ನು ಮಡಿಲಿನಲ್ಲಿ ಇಟ್ಟುಕೊಂಡಳು.

ಗೇಟಿನವನು ಕೇಳಿದ. ಒಲೆ ಆರಿಸಿದಿರಾ. ಕರು ಕಟ್ಟಿದಿರಾ. ಮಲಗಿಸುವವರನ್ನು ಮಲಗಿಸಿದಿರಾ. ಹೊಟ್ಟೆ ಸರಿಯಾಗಿದೆಯಾ. ನಾವು ಹೂಂ ಎಂದೆವು. ತಾಯಿ ಎಲ್ಲರಿಗಿಂತ ಜೋರಾಗಿ ಎಂದಳು. ಅಗುಳಿ ಬಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮಗೂ ಹೊಳೆಯ ಆಚೆ ಊರಿನವರಿಗೂ ಸೇರಿ ಚಿತ್ರದ ಪ್ರತಿ ಒಂದೇ. ಆಟ ಅಲ್ಲಿ ಮೊದಲು ಶುರು, ಇಲ್ಲಿ ಆಮೇಲೆ. ಅಲ್ಲಿ ಒಂದು ರೀಲು ಮುಗಿದಂತೆ ಅದನ್ನು ಡಬ್ಬದಲ್ಲಿ ಹಾಕಿ, ಕ್ಯಾರಿಯರಿಗೆ ಕಟ್ಟಿ, ಸೈಕಲ್ಲಿನವನು ಸೇತುವೆ ದಾಟಿ ತರುತ್ತಾನೆ. ಆಚೆ ಊರಿನವರ ಪದ್ಧತಿ ಬೇರೆ. ಅವರಿಗೆ ಬೇಕಾದಾಗ ಏಳುತ್ತಾರೆ, ಬೇಕಾದಾಗ ಬರುತ್ತಾರೆ. ಆದರೆ ಅಲ್ಲಿ ಒಬ್ಬನೇ ಒಬ್ಬ ಒನ್ಸ್ ಮೋರ್ ಎಂದರೂ ಆಪರೇಟರ್ ಆ ರೀಲನ್ನು ಮತ್ತೆ ಹಾಕಲೇಬೇಕು. ಅದು ಅವರ ನಿಯಮ.

ರೀಲುಗಳು ಒಂದೊಂದಾಗಿ ಬಂದವು. ಹೆಂಗಸನ್ನು ಮನೆಯಿಂದ ಹೊರಗೆ ಹಾಕಿದರು. ಅವಳು ಅಲೆದಳು. ಬಂದಳು. ಬಡಿದಳು. ತಾಯಿಯ ಕೈ ಮಡಿಲಿನಲ್ಲಿ ಮಿಸುಕಿತು, ಮಗಳು ಅದನ್ನು ಒತ್ತಿ ಹಿಡಿದಳು. ರೀಲು ಮುಗಿಯಿತು. ಪರದೆ ಬೆಳ್ಳಗಾಯಿತು, ದೀಪ ಹತ್ತಿತು.

ಕೊನೆಯ ರೀಲು ಬರಲಿಲ್ಲ.

ನಾವು ಕಾದೆವು. ಕಡಲೆಕಾಯಿ ಸಿಪ್ಪೆ ನೆಲ ಮುಚ್ಚಿತು. ಹೆಂಗಸರ ಮುಡಿಯ ಹೂವು ಒಣಗಿ ಉದುರಿತು. ಗಂಡಸರಿಗೆ ಗಡ್ಡ ಬಂತು. ಗೋಡೆಯ ಸಂದಿನಿಂದ ಬಿಸಿಲು ಬಂತು, ಹೋಯಿತು, ಬಂತು. ಬಿಳಿ ಪರದೆಯನ್ನೇ ನೋಡುತ್ತ ಕೂತೆವು. ಅದರ ಮೇಲೆ ಏನೋ ಆಡಿದ ಹಾಗಾಗುತ್ತಿತ್ತು. ಯಾರೋ ಹೋ ಎನ್ನುತ್ತಿದ್ದರು. ಏನೂ ಇರುತ್ತಿರಲಿಲ್ಲ.

ಗೇಟಿನವನು ಕಿಂಡಿ ತೆರೆದು, ಹೊರಗೆ ಮುಂದಿನ ಆಟಕ್ಕೆ ಸಾಲು ನಿಂತವರನ್ನು ಕೇಳಿದ. ಯಾರಾದರೂ ಆಚೆ ಊರಿಗೆ ಹೋಗಿ ಬನ್ನಿ ಎಂದ. ಸಾಲು ಬಿಟ್ಟರೆ ಜಾಗ ಹೋಗುತ್ತದೆ ಎಂದರು. ಅವರು ಹೇಳಿದ್ದೂ ಸರಿ. ಗೇಟಿನವನು ಗೇಟು ಬಿಡುವಂತಿಲ್ಲ. ಆಪರೇಟರ್ ಮಿಷನ್ ಬಿಡುವಂತಿಲ್ಲ. ಯಾರೋ ಎಲೆ ಅಡಿಕೆ ಅಂಗಡಿಯವನ ಕಡೆ ತಿರುಗಿ, ನೀನು ಹೇಗೂ ಒಂದು ಸಲ ಎದ್ದವನು, ಇನ್ನೊಂದು ಸಲ ಎದ್ದರೆ ಏನು ಎಂದರು. ಅವನು ಎಡಗೈ ಎತ್ತಿ ತೋರಿಸಿದ.

“ಇದೊಂದು ಉಳಿದಿದೆ ಕಣಯ್ಯ. ಇದರಲ್ಲೇ ಉಣ್ಣೋದು.”

ಮೇಷ್ಟ್ರು ನಕ್ಕರು. ಅವರು ಹೇಗೂ ನಗುತ್ತಿದ್ದರು.

ತಾಯಿಯ ಉಸಿರು ಸಣ್ಣದಾಗುತ್ತ ಬಂತು. ಕತ್ತು ಬಾಗಿತು, ಕಣ್ಣು ಮಾತ್ರ ಪರದೆಯ ಮೇಲೆ. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಎಲ್ಲರಿಗೂ ಕಂಡಿತು. ಶುಭಂ ಬರುವ ಮೊದಲು ಸತ್ತರೆ ಸತ್ತ ಮೇಲೂ ಬಡಿಯುತ್ತಾರೆ ಎಂದು ನಮ್ಮಲ್ಲಿ ಹೇಳುತ್ತಾರೆ. ಗೋರಿಯ ಹತ್ತಿರ ಹೋದರೆ ಕೇಳಿಸುತ್ತದಂತೆ. ಅದನ್ನೂ ಯಾರೋ ಅಲ್ಲೇ, ಅವಳಿಗೆ ಕೇಳುವಂತೆ ಹೇಳಿದರು.

ತಾಯಿ ಮಗಳ ಕಡೆ ತಿರುಗಿದಳು.

“ನೀನು ಹೋಗು. ಹೋಗಿ ತಾ.”

“ಎದ್ದರೆ ನನಗೂ ನಿನ್ನ ಗತಿಯೇ ಅವ್ವ.”

“ನಿನಗಾಗಿ ನಾನು ಎದ್ದೆ. ನನಗಾಗಿ ನೀನು ಏಳು.”

ನೆಲದವರು ತಿರುಗಿ ನೋಡಿದರು. ಬೆಂಚಿನವರು ನೋಡಿದರು. ಕುರ್ಚಿಯವರು ನೋಡಿದರು. ತಾಯಿ ಹೇಳಿದ್ದು ನ್ಯಾಯ ಎಂದು ಎಲ್ಲರಿಗೂ ಅನ್ನಿಸಿತು. ನಮಗೂ ಮನೆಗೆ ಹೋಗಬೇಕಿತ್ತು.

ಮಗಳು ತಾಯಿಯ ಒಣಗಿದ ಕೈಯನ್ನು ಬಿಡಲಿಲ್ಲ.

“ಈ ಚಿತ್ರ ಇನ್ನೊಂದು ಸಲ ಬಂದರೆ ನನ್ನನ್ನ ಎತ್ತಿಕೊಂಡು ಬರ್ತೀಯಾ?”

“ಬರ್ತೀನಿ.”

“ನೀನು ಇಲ್ಲದಿದ್ದರೆ?”

“ಇರ್ತೀನಿ. ಏಳು.”

ಮಗಳು ಎದ್ದಳು. ಕೂತವರು ಕಾಲು ಮಡಿಸಿಕೊಂಡು ದಾರಿ ಬಿಟ್ಟರು. ಗೇಟಿನವನು ಅಗುಳಿ ತೆಗೆದು, ಅವಳು ದಾಟಿದ ಮೇಲೆ ಹಾಕಿದ. ಹೊರಗಿನಿಂದ ಒಂದು ಸಲ ಬಡಿದ ಸದ್ದು ಬಂತು. ಆಮೇಲೆ ಹೆಜ್ಜೆಯ ಸದ್ದು.

ಮುಂದಿನದನ್ನು ಸೈಕಲ್ಲಿನವನು ಹೇಳಿದ.

ಅವನು ಆಚೆ ಟಾಕೀಸಿನ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಕಾಯುತ್ತಿದ್ದ. ಒಳಗೆ ಕೊನೆಯ ರೀಲು ಮುಗಿಯುತ್ತಿತ್ತು, ಒನ್ಸ್ ಮೋರ್ ಎನ್ನುತ್ತಿದ್ದರು, ಮತ್ತೆ ಶುರುವಾಗುತ್ತಿತ್ತು. ಮಗು ಬಾಗಿಲು ತೆರೆಯುವುದನ್ನು ನೋಡಿ ಅವರಿಗೆ ಸಾಕಾಗುತ್ತಿರಲಿಲ್ಲ. ಅಳುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು, ಇನ್ನೊಮ್ಮೆ ಎನ್ನುತ್ತಿದ್ದರು. ಮನೆಗೆ ಹೋಗಿ ಉಂಡು ಬಂದು ಮತ್ತೆ ಕೂರುತ್ತಿದ್ದರು. ಒಬ್ಬನಾದರೂ ಕೇಳುವವನು ಇರುತ್ತಿದ್ದ.

ಮಗಳು ಬಂದಳು. ಪಕ್ಕದ ಬಾಗಿಲು ತೆರೆದಿದೆ, ಒಳಗೆ ಹೋಗಿ ನಿಮ್ಮ ಕಷ್ಟ ಹೇಳಿ ಎಂದು ಸೈಕಲ್ಲಿನವನು ಅವಳಿಗೆ ತೋರಿಸಿದ. ಅವಳು ಹೋಗಿ ಬಾಗಿಲ ಮುಂದೆ ನಿಂತಳು. ಕೈ ಎತ್ತಿದಳು. ಬಡಿದಳು.

ಒಳಗೆ ರೀಲು ಆಗತಾನೆ ಶುರುವಾಗಿತ್ತು. ಪರದೆಯ ಮೇಲೆ ಹೆಂಗಸು ಬಡಿಯುತ್ತಿದ್ದಳು. ಬೆನ್ನ ಹಿಂದಿನಿಂದಲೂ ಅದೇ ಸದ್ದು ಬಂದಾಗ ಜನ ಮೈ ಮರೆತರು. ಇಂಥ ಸೌಂಡು ಹಿಂದೆಂದೂ ಕೇಳಿಲ್ಲ ಎಂದು ಶಿಳ್ಳೆ ಹಾಕಿದರು. ಒನ್ಸ್ ಮೋರ್ ಎಂದರು. ಮತ್ತೆ ಹಾಕಿದರು, ಅವಳು ಮತ್ತೆ ಬಡಿದಳು. ಮತ್ತೆ ಹಾಕಿದರು. ರೀಲು ಕೊಡಿ ಎಂದು ಕೇಳಲು ಬಂದವಳೇ ರೀಲನ್ನು ಹಿಡಿದು ನಿಲ್ಲಿಸಿದಳು. ಸೈಕಲ್ಲಿನವನು ಬೇಡಮ್ಮ ಬೇಡಮ್ಮ ಎಂದ. ಅವಳು ಕೈಯನ್ನು ನೋಡಿಕೊಂಡು ಅಳುತ್ತಿದ್ದಳಂತೆ. ಕೈ ನಿಲ್ಲಲಿಲ್ಲ.

ಆಮೇಲೆ ಒಳಗಿನವರಿಗೆ ಒಂದು ವಿಷಯ ಗಮನಕ್ಕೆ ಬಂತು. ಪರದೆಯ ಬಾಗಿಲು ತೆರೆದ ಮೇಲೂ ಬಡಿತ ನಿಲ್ಲುತ್ತಿರಲಿಲ್ಲ. ತಾಯಿ ಮಗು ಅಪ್ಪಿಕೊಂಡಿದ್ದಾರೆ, ಬಡಿತ. ಶುಭಂ ಬಿದ್ದಿದೆ, ಬಡಿತ. ಒಬ್ಬಳಿಗೆ ಬಾಗಿಲು ತೆರೆದರೂ ಇನ್ನೊಬ್ಬರು ಯಾರೋ ಹೊರಗಿದ್ದಾರೆ ಎನ್ನುವ ಹಾಗೆ. ಅಳು ಬರಲಿಲ್ಲ. ಕೆಲವರು ಕಿವಿ ಮುಚ್ಚಿಕೊಂಡರು, ಕೊನೆ ಕೆಟ್ಟುಹೋಯಿತು ಎಂದರು. ಆ ಸಲ ಒನ್ಸ್ ಮೋರ್ ಎಂದು ಯಾರೂ ಕೇಳಲಿಲ್ಲ. ಆಪರೇಟರ್ ಹಿಂದಿನ ಕಿಟಕಿಯಿಂದ ಡಬ್ಬ ಇಳಿಸಿದ.

ಸೈಕಲ್ಲಿನವನು ಡಬ್ಬ ಕಟ್ಟಿಕೊಂಡ. ಮಗಳು ಕ್ಯಾರಿಯರ್ ನೋಡಿದಳು. ಅಲ್ಲಿ ರೀಲಿದೆ, ನಿಮಗೆ ಜಾಗ ಇಲ್ಲ ಎಂದು ಅವನು ಹೇಳಿ ಹೊರಟ. ಅವಳು ಸೈಕಲ್ಲಿನ ಹಿಂದೆ ಓಡಿದಳು. ಸೇತುವೆಯ ತನಕ ಕಾಣುತ್ತಿದ್ದಳಂತೆ.

ನಮ್ಮಲ್ಲಿ ದೀಪ ಆರಿತು. ಪರದೆಯ ಮೇಲೆ ಕೈ ಬಂತು, ಬಾಗಿಲು ಬಂತು, ಬಡಿಯುವ ಸದ್ದು ಬಂತು. ಎಷ್ಟೋ ಸಲ ಓಡಿದ ರೀಲು, ತುಂಬ ಗೀರು ಬಿದ್ದಿತ್ತು, ಮಗುವಿನ ಮುಖ ಸರಿಯಾಗಿ ಕಾಣಲಿಲ್ಲ. ತಾಯಿ ಕತ್ತು ಎತ್ತಿದಳು. ಆಗ ಬೆನ್ನ ಹಿಂದಿನಿಂದ, ಗೇಟಿನ ಕಡೆಯಿಂದ, ಅದೇ ಸದ್ದು. ಎಲ್ಲರೂ ಕೇಳಿದೆವು. ತಾಯಿಯೂ ಕೇಳಿದಳು. ಯಾರೂ ತಿರುಗಲಿಲ್ಲ. ಆಟ ನಡೆಯುವಾಗ ಗೇಟು ತೆರೆಯುವಂತಿಲ್ಲ. ತೆರೆದಿದ್ದರೂ ಅವಳು ಬರುತ್ತಿರಲಿಲ್ಲ.

ಮಗು ಮಣೆಯ ಮೇಲೆ ಮಣೆ ಇಟ್ಟಿತು. ಹತ್ತಿತು. ಚಿಲಕ ತೆಗೆಯಿತು. ಬಾಗಿಲು ತೆರೆಯಿತು.

ಶುಭಂ.

ಗೇಟು ತೆರೆದರು. ಮಗಳು ಅಲ್ಲಿ ಕೈ ಎತ್ತಿಕೊಂಡು ನಿಂತಿದ್ದಳು. ನಾವು ಅವಳ ಎಡಕ್ಕೆ ಕೆಲವರು, ಬಲಕ್ಕೆ ಕೆಲವರು ಸರಿದು ಹೊರಗೆ ಬಂದೆವು. ತಾಯಿ ತನ್ನ ಕಾಲ ಮೇಲೆ ನಡೆದು ಬಂದಳು. ಬೆನ್ನು ನೆಟ್ಟಗಾಗಿತ್ತು. ಮಗಳನ್ನು ನೋಡಿ, ಬಂತು ರೀಲು, ಚೆನ್ನಾಗಿದೆ ಎಂದಳು. ಮನೆಯ ಕಡೆ ನಡೆದಳು. ಮಗಳು ದಾರಿಯ ಬಾಗಿಲುಗಳನ್ನು ಬಡಿಯುತ್ತ ಹಿಂದೆ ಬಂದಳು.

ಹೊಸಿಲು ದಾಟಿ ಒಳಗೆ ಹೋದಳು. ಅಡಿಗೆಮನೆ ನೋಡಿದಳು. ಡಬ್ಬಗಳ ಮುಚ್ಚಳ ತೆಗೆದು ತೆಗೆದು ಮೂಸಿದಳು. ಮಗಳು ಇಟ್ಟಿದ್ದನ್ನೆಲ್ಲ ಕೆಳಗಿಳಿಸಿ ತನಗೆ ಬೇಕಾದ ಹಾಗೆ ಜೋಡಿಸಿದಳು. ಹಾಸಿಗೆ ಹಾಸಿಕೊಂಡಳು. ಜಗಲಿಯಿಂದ ಬಡಿತ ಕೇಳಿಸಿತು. ಅದೇ ಗುಳಿ. ಮಗಳ ಗೆಣ್ಣು ಅದರಲ್ಲಿ ಸರಿಯಾಗಿ ಕೂತಿತ್ತು.

“ಬಾಗಿಲು ತೆರೆದೇ ಇದೆ ಕಣೆ,” ಎಂದಳು ತಾಯಿ ಹಾಸಿಗೆಯಿಂದ. “ಬರೋದಿದ್ರೆ ಬಾ. ಬಡೀಬೇಡ.”

ಮೊದಮೊದಲು ತಾಯಿ ಮಗಳಿಗೆ ಊಟ ಕೊಡಲು ಜಗಲಿಗೆ ಬರುತ್ತಿದ್ದಳು. ಆಮೇಲೆ ತಟ್ಟೆಯನ್ನು ಹೊಸಿಲಿನ ಮೇಲಿಟ್ಟು ಹೊರಗೆ ತಳ್ಳಿ ಹೋಗುತ್ತಿದ್ದಳು, ತಾನು ಹೊರಗೆ ಕಾಲಿಡುತ್ತಿರಲಿಲ್ಲ. ಹೊರಗೆ ಇದ್ದದ್ದು ಸಾಕಾಗಿದೆ ಎನ್ನುತ್ತಿದ್ದಳು. ಅಕ್ಕಪಕ್ಕದವರು ಮಗಳ ಮಾತು ಎತ್ತಿದರೆ ತಾಯಿಯ ಉತ್ತರ ಸಿದ್ಧವಿತ್ತು. ಒಂದು ರೀಲು ತಡೆದಿದ್ದರೆ ಆಗುತ್ತಿತ್ತು, ಸೈಕಲ್ಲಿನವನು ಹೇಗೂ ಬರುತ್ತಿದ್ದ, ಅವಳಿಗೆ ಚಿಕ್ಕಂದಿನಿಂದ ತಾಳ್ಮೆ ಇಲ್ಲ, ಹುಟ್ಟುವಾಗಲೂ ಹೀಗೇ ಮಾಡಿದಳು.

ತಾಯಿ ಗಟ್ಟಿಯಾದಳು. ಒಳಗೇ ಇದ್ದು ಮೈ ತುಂಬಿಕೊಂಡಳು. ಮಗಳ ಕೈ ಒಣಗಿತು.

ಯಾರೂ ಎಣಿಸಿರದಿದ್ದ ಒಂದು ಸಂಗತಿ ನಡೆಯಿತು. ಚಿತ್ರ ಮೂರನೆಯ ಸಲ ಬಂತು.

ಗಾಡಿ ಬೀದಿಗೆ ಬಂತು, ತಮಟೆ ಬಂತು. ಪೋಸ್ಟರ್ ಕಂಡು ಮಗಳ ಕೈ ನಿಂತಿತು. ಬೀದಿ ಹೊರಗೆ ಬಂದು ನೋಡಿತು. ಮಗಳು ಒಳಕ್ಕೆ ಬಗ್ಗಿ ಕರೆದಳು.

“ಅವ್ವ. ಬಂದಿದೆ.”

ಒಳಗಿನಿಂದ ಸೌಟಿನ ಸದ್ದು ಕೇಳುತ್ತಿತ್ತು. ಅದು ನಿಲ್ಲಲಿಲ್ಲ.

“ಕೇಳಿಸ್ತು.”

“ನನ್ನನ್ನ ಎತ್ತಿಕೊಂಡು ಹೋಗ್ತೀನಿ ಅಂದಿದ್ದೆ ನೀನು.”

ತಾಯಿ ಬಾಗಿಲಿಗೆ ಬಂದಳು. ಗಾಡಿಯ ಮೇಲಿನ ಬಾಗಿಲನ್ನು ನೋಡಿದಳು, ಕೈಯನ್ನು ನೋಡಿದಳು. ನೆನಪಾದವಳ ಹಾಗೆ ತಲೆ ಆಡಿಸಿದಳು.

“ಇದನ್ನ ನಾನು ನೋಡಿದೀನಿ ಕಣೆ,” ಎಂದಳು. ಒಳಗೆ ಹೋದಳು.

ನಾವೆಲ್ಲ ಟಾಕೀಸಿಗೆ ಹೋದೆವು. ಒಲೆ ಆರಿಸಿದಿರಾ ಎಂದು ಗೇಟಿನವನು ಕೇಳಿದ. ಹೂಂ ಎಂದೆವು. ರೀಲುಗಳು ಆ ಸಲ ಹೊತ್ತಿಗೆ ಸರಿಯಾಗಿ ಬಂದವು. ಚೆನ್ನಾಗಿತ್ತು.

ಆಮೇಲೆ ತಾಯಿ ಬಡಗಿಯನ್ನು ಕರೆಸಿದಳು. ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿಸಿ ಬಾಗಿಲ ಗುಳಿಯ ಮೇಲೆ ಮೊಳೆ ಹೊಡೆಸಿದಳು. ಈಗ ಸದ್ದು ಬರುವುದಿಲ್ಲ. ಜಗಲಿಯ ಮೇಲೆ ಕೈ ಮಾತ್ರ ಆಡುತ್ತದೆ, ಮೂಕಿ ಚಿತ್ರದ ಹಾಗೆ.

ಆ ಬೀದಿಯಲ್ಲಿ ಹೋಗುವಾಗ ನಾವು ನಿಲ್ಲುವುದಿಲ್ಲ, ಆ ಕಡೆ ನೋಡುವುದಿಲ್ಲ. ನೋಡುತ್ತ ನಿಂತರೆ ಕೊನೆಯ ತನಕ ನಿಲ್ಲಬೇಕಾಗುತ್ತದೆ.